ಹನುಮವ್ವನ ಮಣ್ಣಿನ ಬುಟ್ಟಿ

ಹನುಮವ್ವನಿಗೆ ಸೇರು, ಮಣ, ಕಿಲೋ ಯಾವುದೂ ಬೇಕಿರಲಿಲ್ಲ. ಜಗತ್ತಿನ ಭಾರವನ್ನೆಲ್ಲ ಆಕೆ ಮಣ್ಣಿನ ಬುಟ್ಟಿಯಿಂದಲೇ ಅಳೆಯುತ್ತಿದ್ದಳು. ನೀರು ತುಂಬಿದ ಕೊಡ ಮುಕ್ಕಾಲು ಬುಟ್ಟಿ. ಬೀಸುಕಲ್ಲಿನ ಮೇಲಿನ ಹೋಳು ಒಂದು ಬುಟ್ಟಿಗೆ ಮೇಲೆ. ನಮ್ಮತ್ತೆ ಮುಖ ಗಂಟಿಕ್ಕಿಕೊಂಡು ಒಳಗೆ ಬಂದರೆ ನನ್ನ ಕಿವಿಯ ಹತ್ತಿರ ಬಗ್ಗಿ, ಅವ್ವಾರ ಸಿಟ್ಟು ಇವತ್ತು ಎರಡು ಬುಟ್ಟಿ ಐತಿ ಎನ್ನುತ್ತಿದ್ದಳು. ನಕ್ಕರೆ ಆಪರೇಶನ್ನಿನ ಹೊಲಿಗೆ ಜಗ್ಗುತ್ತಿತ್ತು, ಆದರೂ ನಗುತ್ತಿದ್ದೆ.

ಆ ಬುಟ್ಟಿ ಆಕೆಗೆ ಬಂದದ್ದು ಎಡದಂಡೆ ಕಾಲುವೆ ತೋಡುವಾಗ. ಮದುವೆಯಾದ ಹೊಸತರಲ್ಲಿ ಗಂಡನ ಜೊತೆ ನಾಲ್ಕು ವರ್ಷ ತಲೆಯ ಮೇಲೆ ಮಣ್ಣು ಹೊತ್ತಿದ್ದಳು. ತುರ್ವಿಹಾಳದ ಆಚೆ ಕಾಲುವೆಯ ಏರಿಯ ಮೇಲೆ ಒಂದು ಜಾಲಿಗಿಡವಿತ್ತು. ಅಲ್ಲಿಂದ ತೂಬಿನವರೆಗಿನ ಏರಿ ತನ್ನದೇ ಎಂಬುದು ಆಕೆಯ ವಾದ. ನೀರು ಬಂದು ಏಳೆಂಟು ವರ್ಷವಾಗಿ, ಜೋಳದ ಕಪ್ಪು ಹೊಲಗಳೆಲ್ಲ ಭತ್ತದ ಗದ್ದೆಗಳಾಗಿ, ತೆಲುಗು ರೈತರು ಬಂದು ಕ್ಯಾಂಪು ಕಟ್ಟಿಕೊಂಡು ನೆಲೆಸಿದ್ದರೂ ಹನುಮವ್ವ ಆ ಏರಿಯ ಮೇಲೆ ನಡೆಯುವಾಗ ತನ್ನ ಮನೆಯ ಅಂಗಳದಲ್ಲಿ ಓಡಾಡುವವಳಂತೆ ಕಲ್ಲು ಮುಳ್ಳು ಆರಿಸಿ ಬದಿಗೆ ಹಾಕುತ್ತಿದ್ದಳು.

ನನ್ನ ಯಜಮಾನರು ತುರ್ವಿಹಾಳದ ಶಾಲೆಯಲ್ಲಿ ಮಾಸ್ತರರು. ಸಣ್ಣವಳಿದ್ದಾಗ ಬಂದ ಕೀಲುನೋವಿನ ಜ್ವರ ನನ್ನ ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಗಿತ್ತು. ಎರಡನೆಯ ಹೆರಿಗೆಯಾದ ಮೇಲೆ ಹತ್ತು ಹೆಜ್ಜೆ ಇಟ್ಟರೆ ಉಸಿರು ಸಿಗುತ್ತಿರಲಿಲ್ಲ. ಮದ್ರಾಸ್ ಸೀಮೆಯ ದೊಡ್ಡ ಆಸ್ಪತ್ರೆಯೊಂದರಲ್ಲಿ ಎಡಗಡೆಯ ಪಕ್ಕೆ ಕೊಯ್ದು, ಬಿಗಿದುಕೊಂಡಿದ್ದ ಕವಾಟ ಬಿಡಿಸಿದರು. ಆರು ತಿಂಗಳು ತುಂಬಿದ ತಂಬಿಗೆಗಿಂತ ಭಾರವಾದದ್ದನ್ನು ಎತ್ತಕೂಡದು ಎಂದು ಹೇಳಿ ಕಳಿಸಿದರು. ಮನೆಯಲ್ಲಿ ನಾಲ್ಕು ವರ್ಷದ ಶಾಂತಾ ಇದ್ದಳು, ಹದಿನಾಲ್ಕು ತಿಂಗಳ ಬಸು ಇದ್ದ. ಬಾಣಂತಿಯರ ಮನೆಗಳಲ್ಲಿ ಕೂಸು ನೋಡಿಕೊಳ್ಳುತ್ತಿದ್ದ, ನಮ್ಮ ಹಿಂದಿನ ಓಣಿಯ ಹನುಮವ್ವನನ್ನು ಅತ್ತೆ ಕೆಲಸಕ್ಕೆ ಕರೆದರು.

ಬಂದ ದಿನವೇ ಆಕೆ ವೈದ್ಯರು ಏನು ಹೇಳಿದ್ದಾರೆಂದು ನನ್ನಿಂದ ಎರಡು ಸಲ ಕೇಳಿಸಿಕೊಂಡಳು. ಆಮೇಲೆ ಅಡುಗೆಮನೆ, ಬಚ್ಚಲು, ಪಡಸಾಲೆ ಎಲ್ಲ ತಿರುಗಿ ಒಂದೊಂದನ್ನೇ ಎತ್ತಿ ನೋಡಿ, ಇದು ನಿನಗಲ್ಲ, ಇದೂ ನಿನಗಲ್ಲ ಎಂದು ತೀರ್ಪು ಕೊಟ್ಟಳು. ಕೊನೆಗೆ ಬಸುವನ್ನು ಎತ್ತಿ ಟೊಂಕಕ್ಕೆ ಹಾಕಿಕೊಂಡು, ಅರ್ಧ ಬುಟ್ಟಿಗೆ ಒಂದು ಹಿಡಿ ಕಡಿಮಿ ಎಂದಳು. ನನ್ನ ಕಣ್ಣಲ್ಲಿ ನೀರು ಬಂದದ್ದನ್ನು ನೋಡಿರಬೇಕು.

ಮರುದಿನದಿಂದ ಆಕೆ ಒಂದು ಉಪಾಯ ಶುರುಮಾಡಿದಳು. ನಾನು ಪಡಸಾಲೆಯ ಕಂಬಕ್ಕೆ ದಿಂಬು ಇಟ್ಟು ಒರಗಿ ಕೂತು ಎರಡೂ ಕೈ ಚಾಚಬೇಕು. ಆಕೆ ಕಂಬದ ಹಿಂದೆ ನಿಂತು, ನನ್ನ ಬಲಭುಜದ ಮೇಲಿಂದ ಕೂಸನ್ನು ಮೆಲ್ಲಗೆ ನನ್ನ ತೊಡೆಗೆ ಇಳಿಸಿ, ಸೆರಗು ಕಾಣದ ಹಾಗೆ ಸರಿದುಬಿಡುತ್ತಿದ್ದಳು. ಎತ್ತಿಕೊಂಡವಳು ಅವ್ವನೇ ಎಂದು ಅವನು ತಿಳಿಯಲಿ ಎಂಬುದು ಆಕೆಯ ಆಸೆ. "ನಾ ಬರೇ ಹೊರಾಕಿ ಯವ್ವ. ಕೂಸು ನಿನ್ನ ಮರೀಬಾರ್ದು," ಎಂದಿದ್ದಳು. ಆಕೆಗೂ ಎರಡು ವರ್ಷದ ಮಗಳಿದ್ದಳು. ಆ ಮಗು ಹಗಲೆಲ್ಲ ಯಾರ ಟೊಂಕದ ಮೇಲೆ ಇರುತ್ತದೆಂದು ನಾನು ಒಂದು ದಿನವೂ ಕೇಳಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ಕೂಸಿಗೆ ಉಪಾಯಗಳು ತಿಳಿಯುವುದಿಲ್ಲ, ಮೈ ತಿಳಿಯುತ್ತದೆ. ತಿಂಗಳು ಕಳೆಯುವುದರೊಳಗೆ ಬಸು ಎದ್ದ ಕೂಡಲೇ ಹನುಮವ್ವನನ್ನು ಹುಡುಕತೊಡಗಿದ. ನನ್ನ ತೊಡೆಯ ಮೇಲೆ ಕೂತು ಆಕೆಯ ಬಳೆಯ ಸಪ್ಪಳಕ್ಕೆ ಕತ್ತು ತಿರುಗಿಸುತ್ತಿದ್ದ. ಎದೆ ಕೊಯ್ಸಿಕೊಂಡು ಬದುಕಿ ಬಂದದ್ದು ಇದನ್ನು ನೋಡುವುದಕ್ಕೋ ಎನ್ನಿಸುತ್ತಿತ್ತು. ಆಕೆ ಕೊಟ್ಟ ಗಂಜಿಗೆ ಉಪ್ಪು ಹೆಚ್ಚೆಂದೆ, ಕೂಸಿಗೆ ಕಾಡಿಗೆ ಸರಿಯಾಗಿ ಹಚ್ಚಿಲ್ಲವೆಂದೆ. ಆಕೆ ಎಲ್ಲಕ್ಕೂ ಹೂಂ ಎಂದು ಮತ್ತೆ ಮಾಡಿದಳು.

ಒಂದು ದಿನ ಮಧ್ಯಾಹ್ನ ಅತ್ತೆ ಹಿಟ್ಟಿನ ಗಿರಣಿಗೆ ಹೋಗಿದ್ದರು. ಒಗೆದು ಒಣಗಿಸಿದ ಬಟ್ಟೆಗಳನ್ನೇ ಮತ್ತೆ ಗಂಟು ಕಟ್ಟಿ, ಕಾಲುವೆಗೆ ಹೋಗಿ ಒಗೆದು ತಾ ಎಂದು ಹನುಮವ್ವನಿಗೆ ಕೊಟ್ಟೆ. ಆಕೆ ಗಂಟನ್ನೂ ನನ್ನನ್ನೂ ನೋಡಿದಳು, ಗಂಟು ತಲೆಗೇರಿಸಿಕೊಂಡು ಹೋದಳು. ಬಸು ತೊಟ್ಟಿಲಲ್ಲಿ ಎದ್ದು ಅಳುತ್ತಿದ್ದ. ನಾನು ಬಗ್ಗಿ ಅವನನ್ನು ಎರಡೂ ಕೈಯಿಂದ ಎತ್ತಿ ಎದೆಗೆ ಅವಚಿಕೊಂಡೆ. ಅವನು ಸುಮ್ಮನಾಗುತ್ತಾನೆಂದು ಕಾಯುತ್ತಿದ್ದೆ. ಅವನು ಮೈ ಸೆಟೆಸಿಕೊಂಡು, ಆಕೆ ಹೋದ ಬಾಗಿಲ ಕಡೆಗೆ ಎರಡೂ ಕೈ ಚಾಚಿ, ಹಿಂದಕ್ಕೆ ಜಿಗಿದು ಚೀರಿದ. ಬಿಡಲಾರದೆ ಬಿಗಿಹಿಡಿದೆ. ಇನ್ನೂ ಮಾಗದಿದ್ದ ಗಾಯದ ತುದಿ ಬಿಚ್ಚಿಕೊಂಡಿತು. ಕೂಸನ್ನು ಕೆಳಗಿಡುವಷ್ಟರಲ್ಲಿ ಕುಪ್ಪಸ ರಕ್ತವಾಗಿತ್ತು, ಗೋಡೆಗೆ ಒರಗಿ ಕುಸಿದೆ.

ಅತ್ತೆ ಬಂದು ನೋಡಿ ಹೌಹಾರಿದರು. ಹನುಮವ್ವ ಎಲ್ಲಿ ಎಂದು ಕೇಳಿದರು. ನನ್ನ ಬಾಯಿಂದ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಮೊದಲೇ ಕಟ್ಟಿಟ್ಟುಕೊಂಡಂತೆ ಬಂತು. "ಕೂಸಿನ್ನ ಅಳಾಕ ಬಿಟ್ಟು ಎಲ್ಲೋ ಹೋಗ್ಯಾಳ. ನಾ ಏನ್ ಮಾಡ್ಲಿ, ಎತ್ತಿದೆ." ಮೂಲೆಯಲ್ಲಿದ್ದ ಶಾಂತಾ, ಅವ್ವನೇ ಆಕೆಯನ್ನು ಕಳಿಸಿದಳು ಎಂದಳು. ಸುಳ್ಳು ಹೇಳಬೇಡ ಎಂದು ನಾಲ್ಕು ವರ್ಷದ ಆ ಹುಡುಗಿಯನ್ನು ಗದರಿದೆ.

ಅಷ್ಟರಲ್ಲಿ ಒದ್ದೆ ಬಟ್ಟೆಯ ಗಂಟು ಹೊತ್ತು ಹನುಮವ್ವ ಬಾಗಿಲಿಗೆ ಬಂದಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ಆಕೆಯ ಮುಖವೇ ಹೇಳುತ್ತಿತ್ತು. ಅತ್ತೆ ಬಾಯಿಗೆ ಬಂದಂತೆ ಬೈದರು. ಆಕೆ ಗಂಟು ಇಳಿಸಿ, ನನ್ನ ಕುಪ್ಪಸದ ಕಡೆ ನೋಡಿದಳು.

"ನಾ ಇರಬೇಕಿತ್ರೀ ಅವ್ವಾರ. ನಂದ ತಪ್ಪು. ಆಕಿನ್ನ ಏನೂ ಅನಬ್ಯಾಡ್ರಿ, ಎದಿ ಇನ್ನಾ ಹಸಿ ಐತಿ."

ಒದ್ದೆ ಬಟ್ಟೆಗಳನ್ನು ಒಂದೂ ಬಿಡದೆ ಹಗ್ಗಕ್ಕೆ ಹರವಿ ಹೋದಳು. ಮತ್ತೆ ನಮ್ಮ ಮನೆಗೆ ಬರಲಿಲ್ಲ, ಅತ್ತೆ ಬರಗೊಡಲೂ ಇಲ್ಲ. ನನ್ನನ್ನು ಲಿಂಗಸೂಗೂರಿಗೆ ಒಯ್ದು ಮತ್ತೆ ಹೊಲಿಗೆ ಹಾಕಿಸಿದರು. ಕೂಸು ಬಿಟ್ಟು ಹೋಗುವವಳು ಎಂಬ ಮಾತು ಓಣಿಯಲ್ಲಿ ಹಬ್ಬಿ, ಬಾಣಂತಿಯರ ಮನೆಗೆ ಆಕೆಯನ್ನು ಕರೆಯುವುದು ನಿಂತುಹೋಯಿತು. ನನಗದು ಗೊತ್ತಿತ್ತು. ಒಂದು ಮಾತು ಹೇಳಿದ್ದರೆ ಸಾಕಿತ್ತು. ಗಾಯ ಮಾಗಲಿ ಎಂದೆ, ಮಾಗಿತು. ಅತ್ತೆಯ ಮನಸ್ಸು ತಣಿಯಲಿ ಎಂದೆ, ಅದೂ ತಣಿಯಿತು. ಮರುವರ್ಷ ಯಜಮಾನರಿಗೆ ಲಿಂಗಸೂಗೂರಿಗೆ ವರ್ಗವಾದಾಗ, ಇನ್ನು ಆಕೆಯ ಓಣಿ ದಾಟಬೇಕಿಲ್ಲ ಎಂದು ಒಳಗೊಳಗೇ ಹಗುರಾದೆ.

ಆಕೆಯನ್ನು ಕೊನೆಯ ಸಲ ಕಂಡದ್ದು ಹನ್ನೆರಡು ವರ್ಷದ ನಂತರ, ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ. ಸಂಬಂಧಿಕರ ಮದುವೆ ಮುಗಿಸಿಕೊಂಡು ನಾನೂ ಬಸುವೂ ಊರಿಗೆ ಹೊರಟಿದ್ದೆವು. ಅವನು ಟಿಕೆಟ್ಟಿಗೆಂದು ಮುಂದೆ ಹೋಗಿದ್ದ. ಊರಿಗೆ ಒಯ್ಯುತ್ತಿದ್ದ ಅಕ್ಕಿ ಚೀಲವನ್ನು ಎತ್ತಲು ನಾನು ಕೈ ಹಾಕಿದ್ದೆ. ಪಕ್ಕದಿಂದ ಕಪ್ಪು ಕೈಯೊಂದು ಬಂದು ಅದನ್ನು ಕಸಿದುಕೊಂಡಿತು. ವಳಕಮದಿನ್ನಿಯ ಕಡೆ ನಾಟಿಗೆ ಹೊರಟಿದ್ದ ಹೆಂಗಸರ ಗುಂಪಿನಿಂದ ಹನುಮವ್ವ ಎದ್ದು ಬಂದಿದ್ದಳು. ತಲೆ ಅರ್ಧ ನೆರೆತಿತ್ತು.

"ಅರ್ಧ ಬುಟ್ಟಿ ಮ್ಯಾಲ ಐತಿ. ನೀ ಯಾಕ ಎತ್ತೀದಿ ಯವ್ವ?"

ನಾನೇ ಬಸ್ಸಿಗಿಡುತ್ತೇನೆಂದರೂ ಕೇಳದೆ ಚೀಲವನ್ನು ನನ್ನ ಸೀಟಿನ ಕೆಳಗೆ ಸೇರಿಸಿದಳು. ಎದೆ ಹೇಗಿದೆ, ಮೆಟ್ಟಿಲು ಹತ್ತಿದರೆ ದಮ್ಮು ಬರುತ್ತದೆಯೇ ಎಂದು ಕೇಳಿದಳು. ಟಿಕೆಟ್ಟು ಹಿಡಿದು ಬಂದ ಬಸುವನ್ನು ಕಾಲಿನಿಂದ ತಲೆಯವರೆಗೆ ನೋಡಿ, ಎರಡು ಬುಟ್ಟಿ ಆಗ್ಯಾನ ಎಂದು ನಕ್ಕಳು. ಅವನನ್ನು ಮುಟ್ಟಲಿಲ್ಲ. ಇಳಿಯುವ ಮೊದಲು ನನ್ನ ಕಡೆ ಬಗ್ಗಿ, ಅತ್ತೆಯ ಸಿಟ್ಟಿನ ತೂಕ ಹೇಳುತ್ತಿದ್ದ ಅದೇ ಸಣ್ಣ ದನಿಯಲ್ಲಿ ಕೇಳಿದಳು.

"ಅವತ್ತು ಕೂಸಿನ್ನ ಎತ್ತಿಕೊಂಡಿದ್ದಿಯಲ್ಲ, ನಿನ್ನ ಎದಿಗೆ ಹತ್ತಿ ಸುಮ್ಮನಾದನೇನು?"

ಹನ್ನೆರಡು ವರ್ಷ ಆಕೆ ಇಟ್ಟುಕೊಂಡಿದ್ದ ಪ್ರಶ್ನೆ ಇದೊಂದೇ.

"ಹೂಂ. ಸುಮ್ಮನಾದ," ಎಂದೆ.

"ಅಷ್ಟಾತಲ್ಲ," ಎಂದು ಸಮಾಧಾನದಿಂದ ಇಳಿದು ಹೋದಳು.

ಬಸ್ಸು ಹೊರಟ ಮೇಲೆ, ಆಕೆ ಯಾರು ಎಂದು ಬಸು ಕೇಳಿದ. ನಮ್ಮ ಹಳೇ ಊರಿನಾಕಿ ಎಂದೆ. ಮಸ್ಕಿ ಬರುವುದರೊಳಗೆ ಎಲ್ಲವನ್ನೂ ಹೇಳಿಬಿಡಬೇಕೆಂದುಕೊಂಡೆ. ಮಸ್ಕಿ ಬಂತು, ಜನ ಇಳಿದರು, ಹತ್ತಿದರು. ಲಿಂಗಸೂಗೂರಿನಲ್ಲಿ ಚೀಲವನ್ನು ಬಸು ಇಳಿಸಿದ.