ಕೊಟ್ರಮ್ಮನ ಬಾಣಲೆ

ಶನಿವಾರ ಮಧ್ಯಾಹ್ನ ಒಂದಕ್ಕೆ ಊಟದ ಗಂಟೆ ಹೊಡೆದಾಗ ಸುವಾರ್ತಮ್ಮ ನಾನೂರ ಹನ್ನೊಂದನೆಯ ಪ್ಯಾಂಟನ್ನು ಮಡಚಿ ಪಕ್ಕಕ್ಕಿಟ್ಟರು. ಬಳ್ಳಾರಿಯ ಜೀನ್ಸ್ ಘಟಕವೊಂದರಲ್ಲಿ ಹದಿನಾಲ್ಕು ವರ್ಷಗಳಿಂದ ಅವರದು ಒಂದೇ ಕೆಲಸ: ಸೊಂಟದ ಪಟ್ಟಿ ಮಗುಚಿ ಒಳಗಿನ ಲೇಬಲ್ ಓದುವುದು. ಹೊರಗೆ ಮೂವತ್ತೆರಡು, ಒಳಗೆ ಮೂವತ್ನಾಲ್ಕು ಎಂದಿದ್ದರೆ ಪ್ಯಾಂಟು ವಾಪಸ್. ಅವರ ಕಣ್ಣು ತಪ್ಪಿಸಿ ಹೋದ ಲೇಬಲ್ ಇಲ್ಲವೆಂದು ಮೇಸ್ತ್ರಿ ಎರ್ರಣ್ಣ ಹೊಸಬರಿಗೆ ಹೇಳುವುದುಂಟು.

ಊಟದ ನಂತರ ಹಂಚಲೆಂದು ಸುವಾರ್ತಮ್ಮ ಕ್ರಿಸ್ಮಸ್ ಕೇಕಿನ ಉಳಿದ ಡಬ್ಬಿಯೊಂದನ್ನು ತಂದಿದ್ದರು. ಕೆಂಪು ಡಬ್ಬಿ, ಬಂಗಾರದ ಬಣ್ಣದ ರಿಬ್ಬನ್. ಹಾಜರಿ ಬರೆಯುವ ವರದಾ ಒಂದು ತುಂಡಿಗೆ ಕೈ ಚಾಚಿದವರು, ಡಬ್ಬಿ ಎತ್ತಿ ತಳ ನೋಡಿ ಕೈ ಹಿಂದಕ್ಕೆ ತೆಗೆದರು.

"ನನಗ ಬ್ಯಾಡ್ರಿ ಅಕ್ಕಾ. ತತ್ತಿ ಹಾಕ್ಯಾರ."

"ಇದಕ್ಕ ಹಾಕಿಲ್ಲ."

"ಕೆಂಪು ಗುರುತು ಐತಲ್ಲ, ನೋಡ್ರಿ. ದಿನಾ ಲೇಬಲ್ ಓದೋರು ನೀವು, ನಾ ಹೇಳಿಕೊಡಬೇಕಾ?"

ಸುತ್ತಲಿದ್ದವರು ನಕ್ಕರು. ಸುವಾರ್ತಮ್ಮ ನಗಲಿಲ್ಲ. ಅಂಥದೇ ಒಂದು ಡಬ್ಬಿಯನ್ನು ಎರಡು ದಿನಗಳ ಹಿಂದೆ, ಕ್ರಿಸ್ಮಸ್ ಬೆಳಿಗ್ಗೆ, ಅವರು ಕಂಟೋನ್ಮೆಂಟಿನ ತಮ್ಮ ಪಕ್ಕದ ಮನೆಯ ಕೊಟ್ರಮ್ಮನವರಿಗೆ ಕೊಟ್ಟಿದ್ದರು. ಎಪ್ಪತ್ತೊಂದು ವರ್ಷದ ಕೊಟ್ರಮ್ಮ ಲಿಂಗದೀಕ್ಷೆ ಪಡೆದವರು. ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ.

ಸುವಾರ್ತಮ್ಮ ಕಂಟೋನ್ಮೆಂಟಿನ ಮನೆಗೆ ಸೊಸೆಯಾಗಿ ಬಂದದ್ದು ಮೂವತ್ತೊಂದು ವರ್ಷಗಳ ಹಿಂದೆ. ಬಂದ ವರ್ಷವೇ ಅತ್ತೆ ದೀನಮ್ಮ ಅಟ್ಟದಿಂದ ಕಬ್ಬಿಣದ ಬಾಣಲೆಯೊಂದನ್ನು ಇಳಿಸಿ ತೋರಿಸಿದ್ದರು. ಹಿಡಿಗೆ ಕೆಂಪು ದಾರ ಕಟ್ಟಿತ್ತು. ಅದರಲ್ಲಿ ಮಾಂಸ, ಮೊಟ್ಟೆ ಎಂದೂ ಬೆಂದಿಲ್ಲ. ವರ್ಷಕ್ಕೊಮ್ಮೆ, ಡಿಸೆಂಬರ್ ಇಪ್ಪತ್ಮೂರಕ್ಕೆ, ಪಕ್ಕದ ಮನೆಗೆ ಕೊಡುವ ಕರ್ಚಿಕಾಯಿ ಕರಿಯಲು ಮಾತ್ರ ಅದು ಕೆಳಗೆ ಬರುತ್ತಿತ್ತು. ಮನೆಯಲ್ಲಿ ಅದರ ಹೆಸರೇ 'ಕೊಟ್ರಮ್ಮನ ಬಾಣಲಿ'. ಕೊಟ್ರಮ್ಮನಿಗೆ ಮಾತ್ರ ಅದು ಗೊತ್ತಿರಲಿಲ್ಲ. ಇದೇನು ಹೇಳಿಕೊಂಡು ತಿರುಗುವ ವಿಷಯವಲ್ಲ ಎಂಬುದು ದೀನಮ್ಮನ ಅಭಿಪ್ರಾಯ. ಕರ್ಚಿಕಾಯಿ ಒಯ್ದ ಸ್ಟೀಲ್ ತಟ್ಟೆ ಸಂಕ್ರಾಂತಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ ಹೊತ್ತು ಮರಳುತ್ತಿತ್ತು. ದೀನಮ್ಮ ತೀರಿಕೊಂಡ ಮೇಲೂ ಒಂಬತ್ತು ವರ್ಷ ಇದು ತಪ್ಪಿರಲಿಲ್ಲ.

ಈ ಸಲ ಬಾಣಲೆ ಇಳಿಯಲಿಲ್ಲ. ಡಿಸೆಂಬರ್ ಮೊದಲ ವಾರಕ್ಕೇ ಬೇಕರಿಗಳ ಮುಂದೆ ಹತ್ತಿಯ ಹಿಮ ಬಿದ್ದಿತ್ತು, ಗಾಜಿನೊಳಗೆ ಡಬ್ಬಿಗಳ ಗೋಪುರ ಎದ್ದಿತ್ತು. ಚರ್ಚಿನ ಮೆಟ್ಟಿಲ ಮೇಲೆ ಗಾಯನ ತಂಡದ ಹೆಂಗಸೊಬ್ಬರು, "ಇನ್ನೂ ಎಣ್ಣಿ ಸೋರೋ ಕರ್ಚಿಕಾಯೇನ ಅಕ್ಕಾ? ಈಗೆಲ್ಲಾ ಡಬ್ಬಿ ಕೊಡ್ತಾರ," ಎಂದಿದ್ದರು. ಅತ್ತೆ ಕಲಿಸಿದ ಕರ್ಚಿಕಾಯಿಗೆ ತಾನು ಅಂದು ನಾಚಿದ್ದು ನಿಜ ಎಂದು ಸುವಾರ್ತಮ್ಮ ಈಗ ಒಪ್ಪಿಕೊಳ್ಳುತ್ತಾರೆ.

ಬೇಕರಿಯಲ್ಲಿ ಬಿಳಿ ಡಬ್ಬಿಗಳಿದ್ದವು, ಕೆಂಪು ಡಬ್ಬಿಗಳಿದ್ದವು. ರಿಬ್ಬನ್ ಇದ್ದದ್ದು ಕೆಂಪಕ್ಕೆ. ಅವರು ಕೆಂಪನ್ನೇ ತೆಗೆದುಕೊಂಡರು. ಎರಡಕ್ಕೂ ವ್ಯತ್ಯಾಸವೇನೆಂದು ಕೇಳಲಿಲ್ಲ. ಡಬ್ಬಿ ಕೈಗಿಟ್ಟಾಗ ಕೊಟ್ರಮ್ಮ, "ತತ್ತಿ ಗಿತ್ತಿ ಇಲ್ಲಲ್ಲ?" ಎಂದು ಕೇಳಿದ್ದರು.

"ಇಲ್ಲರಿ ಅಮ್ಮಾ."

ಮರುದಿನ ಗೋಡೆಯಾಚೆಯಿಂದ ಕೊಟ್ರಮ್ಮನ ದನಿ ಬಂತು. "ಒಂದು ತುಂಡು ತಿಂದೆ ನೋಡು ಸುವಾರ್ತಿ. ಭಾಳ ಮೆತ್ತಗ ಐತಿ, ನನ್ನಂಥ ಹಲ್ಲಿಲ್ಲದೋರಿಗೆ ಹೇಳಿ ಮಾಡಿಸಿದಂಗ. ಉಳಿದದ್ದು ಸೋಮವಾರ ಅಯ್ಯನೋರಿಗೆ ಅಂತ ಇಟ್ಟೀನಿ."

ಅಯ್ಯನವರೆಂದರೆ ವರ್ಷಕ್ಕೊಮ್ಮೆ ಕುರುಗೋಡಿನಿಂದ ಪಾದಪೂಜೆಗೆ ಬರುವ ಜಂಗಮರು.

ಶನಿವಾರ ಸಂಜೆ ಆಟೋದಲ್ಲಿ ಮರಳುವಾಗ ಸುವಾರ್ತಮ್ಮನ ತಲೆಯಲ್ಲಿದ್ದದ್ದು ಒಂದು ಸುಳ್ಳು. ಕೇಕಿಗೆ ಬೂಷ್ಟು ಹಿಡಿದಿದೆಯಂತೆ, ಬೇಕರಿಯವರು ವಾಪಸ್ ಕೇಳುತ್ತಿದ್ದಾರೆ ಎಂದು ಹೇಳಿ ಡಬ್ಬಿ ತಂದುಬಿಟ್ಟರೆ ಅಯ್ಯನವರ ನೇಮ ಉಳಿಯುತ್ತಿತ್ತು, ತನ್ನ ಮರ್ಯಾದೆಯೂ ಉಳಿಯುತ್ತಿತ್ತು. ಕೊಟ್ರಮ್ಮ ಜಗಲಿಯಲ್ಲಿ ಶೇಂಗಾ ಸುಲಿಯುತ್ತಿದ್ದರು. ಸರಿದು ಕೂರಲು ಜಾಗ ಮಾಡಿದರು. ಸುವಾರ್ತಮ್ಮ ಕೂರಲಿಲ್ಲ.

"ಅಮ್ಮಾ, ಆ ಕೇಕಿನಾಗ ತತ್ತಿ ಐತ್ರಿ. ನಾ ನೋಡಿರಲಿಲ್ಲ. ನೋಡದನ ಇಲ್ಲ ಅಂದೆ."

ಕೊಟ್ರಮ್ಮ ಬೈಯಲಿಲ್ಲ. ಎದ್ದು ಒಳಗೆ ಹೋಗಿ ಬಾಯಿ ಮುಕ್ಕಳಿಸಿದರು, ಎರಡು ದಿನಗಳ ಹಿಂದೆ ತಿಂದದ್ದಕ್ಕೆ. ನೀರಿನ ಸದ್ದು ಜಗಲಿಗೆ ಕೇಳುತ್ತಿತ್ತು. ಆಮೇಲೆ ಡಬ್ಬಿಯನ್ನು ಹಳೆಯ ಬಟ್ಟೆಯೊಂದರಲ್ಲಿ ಹಿಡಿದು ತಂದು ಮೆಟ್ಟಿಲ ಮೇಲಿಟ್ಟರು.

"ಇಷ್ಟು ವರ್ಷ ಕರ್ಚಿಕಾಯಿ ಯಾವುದರಾಗ ಕರದ್ರಿ?"

ಈ ಪ್ರಶ್ನೆಯನ್ನು ಸುವಾರ್ತಮ್ಮ ನಿರೀಕ್ಷಿಸಿರಲಿಲ್ಲ. "ನಿಮಗ ಅಂತನ ಬ್ಯಾರೆ ಬಾಣಲಿ ಐತ್ರಿ," ಎಂದರು. ಹೇಳುತ್ತಿರುವಾಗಲೇ ಆ ಮಾತು ತನಗೇ ಸುಳ್ಳಿನಂತೆ ಕೇಳಿಸಿತು ಎನ್ನುತ್ತಾರೆ.

"ನನಗ ಅಂತ? ನಾ ಎಂದೂ ಕಂಡಿಲ್ಲಲ್ಲ."

ಸುವಾರ್ತಮ್ಮ ಮನೆಗೆ ಹೋಗಿ ಅಟ್ಟ ಹತ್ತಿ ಬಾಣಲೆ ತಂದರು. ಅದು ಹೋದ ವರ್ಷದ ಪೇಪರಿನಲ್ಲಿ ಸುತ್ತಿದಂತೆಯೇ ಇತ್ತು. ಕೊಟ್ರಮ್ಮ ಪೇಪರ್ ಬಿಚ್ಚಿ, ದಾರವನ್ನು ತಿರುವಿ ನೋಡಿ, ತಳವನ್ನು ಬೆರಳಿನಿಂದ ಸವರಿ ಮೂಸಿದರು.

"ದೀನಮ್ಮ ಕಟ್ಟಿದ ದಾರನಾ?"

"ಹೂನ್ರಿ."

"ಆಕಿ ಒಂದಿನಾನೂ ಹೇಳಲಿಲ್ಲ ನೋಡು." ಬಾಣಲೆ ಸ್ವಲ್ಪ ಹೊತ್ತು ಅವರ ಮಡಿಲಲ್ಲೇ ಇತ್ತು. "ಇದು ಇಲ್ಲೇ ಇರ್ಲಿ ಬಿಡು. ಮುಂದಿನ ಸಲ ಇಲ್ಲೇ ಬಂದು ಕರಿ."

ಸುವಾರ್ತಮ್ಮ ಕೇಕಿನ ಡಬ್ಬಿಯನ್ನು ಎತ್ತಿಕೊಂಡು ಹೊರಟರು.

ಬಾಣಲೆ ಈಗ ಕೊಟ್ರಮ್ಮನ ಅಡುಗೆಮನೆಯಲ್ಲಿದೆ. ಮುಂದಿನ ಡಿಸೆಂಬರ್ ಇಪ್ಪತ್ಮೂರಕ್ಕೆ ಸುವಾರ್ತಮ್ಮ ಹಿಟ್ಟು, ಬೆಲ್ಲ ಹಿಡಿದು ಅಲ್ಲಿಗೇ ಹೋಗಿ, ಕೊಟ್ರಮ್ಮನ ಕಣ್ಣೆದುರಿಗೆ ಕರ್ಚಿಕಾಯಿ ಕರಿಯಬೇಕು.