ಪದ್ದಕ್ಕನ ಅಗಸೆ ಪುಡಿ

ಯಡ್ತರೆಯ ಪದ್ದು ಮದುವೆಯಾಗಿ ಬಂದಾಗಿನಿಂದ ಬೈಂದೂರು ಪೇಟೆಯಲ್ಲಿ ಮೀನು ಮಾರಿದವಳು. ಅವಳು ಕೂಗಿದರೆ ಬಸ್ಸಿನಲ್ಲಿ ಕೂತವರೂ ತಿರುಗಿ ನೋಡುತ್ತಿದ್ದರು. ಅಂಥವಳು ಒಂದು ಮಧ್ಯಾಹ್ನ ಬೂತಾಯಿ ಮೀನಿನ ಸಾರು ಉಂಡದ್ದೇ ತಡ, ತುಟಿ ಬಾತು ಉಸಿರು ಕಟ್ಟಿತು. ಗಂಡ ಸೂರ ಆಟೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದ. ಜೀವ ಉಳಿಯಿತು.

"ಇನ್ನು ಮೀನು ಬಾಯಿಗೂ ಬೇಡ, ಕೈಗೂ ಬೇಡ" ಅಂದರು ಡಾಕ್ಟರು.

"ಮೀನಿಲ್ದೆ ಗಂಜಿ ಹ್ಯಾಂಗ್ ಉಂಬುದ್ ಡಾಕ್ಟ್ರೇ?" ಎಂದು ಪದ್ದು ಅಲ್ಲೇ ಅತ್ತುಬಿಟ್ಟಳು.

ಬುಟ್ಟಿ ಮೂಲೆ ಸೇರಿತು. ಅವಳು ದಿನೇ ದಿನೇ ಸೊರಗಿದಳು. ಸುದ್ದಿ ಕೇಳಿ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ತಂಗಿ ಕುಸುಮ ಓಡಿಬಂದಳು, ಚೀಲದ ತುಂಬ ಅಗಸೆ ಬೀಜ ಹೊತ್ತು.

"ಮೀನಗಿಪ್ಪಂಥದೇ ಒಳ್ಳೆ ಕೊಬ್ಬು ಇದ್ರಗೂ ಇತ್ ಅಕ್ಕ. ಮೀನಿಗೆ ಸಮ ಅಲ್ಲ, ಆರೆ ನಾರೂ ಇತ್."

ಪದ್ದು ಒಂದು ಮುಷ್ಟಿ ಹಾಗೇ ಬಾಯಿಗೆ ಹಾಕಿಕೊಂಡಳು. ಒಳಗೆ ಹೋದದ್ದು ಮರುದಿನ ಹೋದ ಹಾಗೇ ಹೊರಗೆ ಬಂತು. ಕುಸುಮ ಬಿದ್ದು ಬಿದ್ದು ನಕ್ಕಳು. "ಪುಡಿ ಮಾಡ್ಕ್ ಮಾರಾಯ್ತಿ!"

ಕಾವಲಿಯಲ್ಲಿ ಬೀಜ ಚಟಪಟ ಸಿಡಿದು ಘಮ್ಮೆಂದಿತು. ಒಣಮೆಣಸು, ಬೆಳ್ಳುಳ್ಳಿ, ಹುಣಸೆ, ಉಪ್ಪು ಸೇರಿಸಿ ಪುಡಿ ಮಾಡಿ, ತೆಂಗಿನೆಣ್ಣೆಯಲ್ಲಿ ಕಲಸಿ ಕುಸುಮ ಗಂಜಿಗೆ ಕೊಟ್ಟಳು. ಎಷ್ಟೋ ದಿನಗಳ ಮೇಲೆ ಪದ್ದು ಬಟ್ಟಲು ನೆಕ್ಕಿ ಉಂಡಳು. ರುಚಿ ಹತ್ತಿ ಮೂರು ಹೊತ್ತೂ ಸುರಿದುಕೊಂಡಳು, ನೀರು ಕುಡಿಯಲಿಲ್ಲ, ಹೊಟ್ಟೆ ಕಲ್ಲಾಗಿ ಕೂತಿತು. ಆಮೇಲೆ ದಿನಕ್ಕೆ ಒಂದು ಚಮಚ, ಜೊತೆಗೆ ಚೆಂಬು ನೀರು ಎಂದು ತಾನೇ ಕಟ್ಟು ಹಾಕಿಕೊಂಡಳು.

ತಂಗಿ ಹೋದ ಮೇಲೆ ಪದ್ದುವಿನ ಕೈ ಸುಮ್ಮನಿರಲಿಲ್ಲ. ಖಾರ ಹಾಕದ ಪುಡಿಯನ್ನು ದೋಸೆ ಹಿಟ್ಟಿಗೆ ಬೆರೆಸಿದಳು, ಮಜ್ಜಿಗೆಗೆ ಕದಡಿದಳು, ಬೆಲ್ಲ ತೆಂಗಿನಕಾಯಿ ಕೂಡಿಸಿ ಉಂಡೆ ಕಟ್ಟಿದಳು. ಸೂರನೂ ಕೇಳಿ ಹಾಕಿಸಿಕೊಳ್ಳತೊಡಗಿದ.

ಒಂದು ದಿನ ಡಬ್ಬಿ ಹಿಡಿದು ಪೇಟೆಗೆ ಹೋದಳು. ಮೀನಿನ ಸಾಲಿನಿಂದ ದೂರ, ಹೂವಿನಂಗಡಿಯ ಪಕ್ಕ ನಿಂತು ಅದೇ ಗಂಟಲಲ್ಲಿ ಕೂಗಿದಳು: "ಹ್ವಾಯ್, ಅಗಸೆ ಪುಡಿ! ಗಂಜಿಗೆ ಹಾಕಂಡ್ ಕಾಣಿ!"

ಮೊದಲು ಬಂದವರು ಜೊತೆಗೆ ಮೀನು ಮಾರುತ್ತಿದ್ದ ಹೆಂಗಸರೇ. ಅವರಲ್ಲೊಬ್ಬಳಾದ ರತ್ನ ದೊಡ್ಡ ಬಾಟಲಿ ಒಡ್ಡಿದಳು. ಪದ್ದು ಅರ್ಧವೂ ತುಂಬಿಸಲಿಲ್ಲ.

"ಪುಡಿ ಹಳತಾರೆ ಕಮಟ್ ಆತ್ತ್. ಮುಗ್ದ್ ಮೇಲೆ ಬಾ, ನಾ ಇಲ್ಲೇ ಇರ್ತೆ."