ಎತ್ತರದ ಆಳುಗಳ ಎದೆಬಡಿತಕ್ಕೆ ತನುಜ ಕಾವಲು

ಭಾನುವಾರ. ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಚಿಕ್ಕಬಳ್ಳಾಪುರದ ಬ್ಯಾಸ್ಕೆಟ್‌ಬಾಲ್ ಅಂಕಣದ ಪಕ್ಕದ ಸಿಮೆಂಟ್ ಕಟ್ಟೆಯ ಮೇಲೆ ಐವತ್ತರ ಆಸುಪಾಸಿನ ಭಾರೀ ಎತ್ತರದ ಗಂಡಸರು ಶಾಲೆಯ ಹುಡುಗರಂತೆ ಸಾಲಾಗಿ ಕೂತಿದ್ದಾರೆ. ತನುಜ ಅವರಲ್ಲೊಬ್ಬರ ತೋಳಿಗೆ ಬಿಪಿ ಯಂತ್ರದ ಪಟ್ಟಿ ಸುತ್ತುತ್ತಾರೆ. ಆತ ಬಾಯಿ ತೆರೆದದ್ದೇ ತಡ, ಗದರುತ್ತಾರೆ.

"ಸುಮ್ನಿರಣ್ಣ. ನೀನು ಮಾತಾಡ್ತಿದ್ರೆ ಬಿಪಿನೂ ಏರ್ತದೆ, ನನ್ನ ತಲೆನೂ ಬಿಸಿ ಆಗ್ತದೆ."

ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಕತ್ತಲಿರುವಾಗಲೇ ಹೊರಟು ಬಂದ ಇವರೆಲ್ಲ ಬೆಂಗಳೂರಿನ ಕಾರ್ಖಾನೆ, ಬ್ಯಾಂಕುಗಳ ತಂಡಗಳಿಗೆ ಆಡಿದವರು. ಆಟವೇ ಅವರ ನೌಕರಿಯಾಗಿತ್ತು. ತನುಜ ಕೂಡ ಹಿಂದೆ ರಾಜ್ಯದ ಮಹಿಳಾ ತಂಡದಲ್ಲಿ ಆಡಿದ್ದಾರೆ. ಈಗ ಊರಿನ ಖಾಸಗಿ ಲ್ಯಾಬ್ ಒಂದರಲ್ಲಿ ಇಸಿಜಿ ತೆಗೆಯುವ ಕೆಲಸ. ವಾರವೆಲ್ಲ ಲ್ಯಾಬು, ಭಾನುವಾರ ಈ ಕಟ್ಟೆ.

ಇಲ್ಲಿಗೆ ಅವರನ್ನು ಕರೆತಂದದ್ದು ಅಣ್ಣ ಸುನೀಲ್ ಅವರ ಸಾವು. ಆರೂವರೆ ಅಡಿ ಎತ್ತರದ ಸುನೀಲ್ ಕಾರ್ಖಾನೆಯ ತಂಡದ ಆಧಾರವಾಗಿದ್ದವರು. ಮಂಡಿ ಸವೆದು ಆಟ ಬಿಟ್ಟ ಮೇಲೆ ಅವರಿಗೆ ಮೇಜಿನ ಕೆಲಸ ಸಿಕ್ಕಿತು. "ಆಡೋವಾಗ ಮೂರು ಮುದ್ದೆ ಉಣ್ತಿದ್ದ, ಬಿಟ್ಟ ಮೇಲೂ ಮೂರೇ. ಓಡೋದು ಮಾತ್ರ ನಿಂತೋಯ್ತು" ಎನ್ನುತ್ತಾರೆ ತನುಜ. ಮಂಡಿ ನೋವಿಗೆ ಮೆಡಿಕಲ್ ಶಾಪಿನಿಂದ ತಾವೇ ತಂದು ನುಂಗಿದ ಮಾತ್ರೆಗಳಿಗೆ ಲೆಕ್ಕವಿರಲಿಲ್ಲ. ಬಿಪಿ ಏರುತ್ತಲೇ ಹೋಯಿತು. ತಪಾಸಣೆ ಮಾಡಿಸಿಕೋ ಎಂದರೆ, "ಆಡಿದ ದೇಹ ಕಣಮ್ಮ, ಇದಕ್ಕೇನಾಗ್ತದೆ" ಎಂದು ನಗುತ್ತಿದ್ದರಂತೆ. ಗೌರಿಬಿದನೂರಿನ ಮನೆಯಲ್ಲಿ ಒಂದು ಬೆಳಿಗ್ಗೆ ಗಡ್ಡ ಹೆರೆದುಕೊಳ್ಳುತ್ತಿದ್ದಾಗಲೇ ಕುಸಿದರು. ಆಗ ಅವರಿಗೆ ನಲವತ್ತೇಳು.

ವರ್ಷ ತುಂಬುವಷ್ಟರಲ್ಲಿ ಅದೇ ತಂಡದ ಇನ್ನೊಬ್ಬರೂ ಹೃದಯಾಘಾತದಿಂದಲೇ ಹೋದರು. ಆ ಮಣ್ಣಿಗೆ ಹೋಗಿದ್ದ ತನುಜ ಅಲ್ಲೇ ನಿರ್ಧಾರ ಮಾಡಿದರು. "ಎಲ್ಲ ಅಳ್ತಾ ನಿಂತಿದ್ರು. ನಂಗೆ ಅಳು ಬರ್ಲಿಲ್ಲ, ಸಿಟ್ಟು ಬಂತು. ನಾಕು ಹೆಜ್ಜೆ ನಡೆದಿದ್ದಕ್ಕೇ ಏದುಸಿರು ಬಿಡ್ತಿದ್ರು ಒಬ್ಬೊಬ್ರೂ. ಮುಂದಿನ ಭಾನ್ವಾರ ಎಲ್ಲ ಕೋರ್ಟಿಗೆ ಬರ್ಬೇಕು ಅಂದ್ಬಿಟ್ಟೆ."

ದಪ್ಪ ತೋಳುಗಳಿಗೆ ಸಾಧಾರಣ ಪಟ್ಟಿ ಹಾಕಿದರೆ ಬಿಪಿ ತಪ್ಪು ತೋರಿಸುತ್ತದೆ. ಅದಕ್ಕೇ ದೊಡ್ಡ ಪಟ್ಟಿ ತರಿಸಿಕೊಂಡಿದ್ದಾರೆ. ಇಸಿಜಿಗೆ ಮಲಗಿಸುವ ಲ್ಯಾಬಿನ ಮಂಚದಿಂದ ಇವರ ಕಾಲು ಆಚೆ ಚಾಚುತ್ತದೆ, ಅಲ್ಲಿಗೊಂದು ಸ್ಟೂಲ್ ಇಟ್ಟಿದ್ದಾರೆ. ಬಿಪಿ ಹೆಚ್ಚಿದ್ದವರನ್ನು ಹಟ ಹಿಡಿದು ಡಾಕ್ಟರ ಬಳಿಗೆ ಕಳಿಸುತ್ತಾರೆ. ಕೇಳದವರ ಹೆಂಡತಿಗೆ ಫೋನ್ ಹೋಗುತ್ತದೆ.

ಎಲ್ಲರಿಗಿಂತ ಹೆಚ್ಚು ಸತಾಯಿಸಿದವರು ಶಿಡ್ಲಘಟ್ಟದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ವೆಂಕಟರವಣಪ್ಪ. ಏನು ಹೇಳಿದರೂ "ಏಂ ಕಾದು ಲೇಮ್ಮಾ" (ಏನೂ ಆಗಲ್ಲ ಬಿಡಮ್ಮ) ಎಂದು ತೆಲುಗಿನಲ್ಲೇ ತಳ್ಳಿಹಾಕುತ್ತಿದ್ದರು. ಹೋದ ವರ್ಷ ಒಂದು ಭಾನುವಾರ ಅವರು ಬರಲಿಲ್ಲ. ತನುಜ ಫೋನ್ ಮಾಡಿದರು. ಗ್ಯಾಸ್ ಆಗಿದೆ, ಸೋಡಾ ಕುಡಿದು ಮಲಗಿದ್ದೇನೆ ಎಂದರು ವೆಂಕಟರವಣಪ್ಪ. ಮಾತಿನ ನಡುವೆ ಉಸಿರು ಕಟ್ಟುತ್ತಿತ್ತು. ಹೆಂಡತಿ ಕವಿತ ಅವರ ಕೈಗೆ ಫೋನ್ ಕೊಡಿಸಿ ಕೇಳಿದರೆ, ಮೈಯೆಲ್ಲ ಬೆವರು ಎಂದರು.

"ಅಕ್ಕಾ, ಅದು ಗ್ಯಾಸಲ್ಲ. ಈಗಿಂದೀಗ್ಲೇ ಆಸ್ಪತ್ರೆಗೆ ಕರ್ಕೊಂಡೋಗಿ, ನಾನೂ ಬರ್ತಿದೀನಿ."

ಗಂಡ ಏಳಲೊಲ್ಲರು. ತನುಜ ಸ್ಪೀಕರ್ ಹಾಕಿಸಿ ಕೂಗಿದರು: "ಅಣ್ಣಾ, ಸುನೀಲ್ ಅಣ್ಣನೂ ಹಿಂಗೇ ಅಂತಿದ್ದ. ಆಟೋ ಹತ್ತು!"

ಹತ್ತಿದರು. ಶಿಡ್ಲಘಟ್ಟದಲ್ಲೇ ಇಸಿಜಿ ತೆಗೆದಾಗ ಹೃದಯಾಘಾತವೆಂಬುದು ಖಚಿತವಾಯಿತು. ಆಂಬುಲೆನ್ಸಿನಲ್ಲಿ ಬೆಂಗಳೂರಿಗೆ ಒಯ್ದು ಅದೇ ದಿನ ಸ್ಟೆಂಟ್ ಹಾಕಿದರು. ಆ ದಾರಿಯುದ್ದಕ್ಕೂ ವೆಂಕಟರವಣಪ್ಪ ಅವರ ಪಕ್ಕದಲ್ಲೇ ತನುಜ ಇದ್ದರು.

ಈಗ ಹೊಸದಾಗಿ ಬಂದವರನ್ನು ಗದರುವ ಕೆಲಸ ವೆಂಕಟರವಣಪ್ಪ ಅವರದೇ. "ಕೋಚ್ ಮಾತನ್ನೇ ಕೇಳ್ದೋನಲ್ಲ ನಾನು. ಈಯಮ್ಮನ ಮಾತು ಒಂದ್ಸಲ ಕೇಳ್ದೆ, ಬದುಕ್ಕೊಂಡೆ" ಎನ್ನುತ್ತಾರೆ.

ತನುಜ ಅವರ ಆಸೆ ದೊಡ್ಡದೇನಲ್ಲ. "ತಂಡಕ್ಕೆ ಸೇರಿಸ್ಕೊಳ್ಳೋವಾಗ ಎದೆ, ಎತ್ತರ ಎಲ್ಲ ನೋಡ್ತಾರೆ. ಬಿಡಿಸೋವಾಗ ಒಂದು ಹಾರ ಹಾಕಿ ಕಳಿಸ್ತಾರೆ. ಅವತ್ತೂ ಒಂದ್ಸಲ ಪರೀಕ್ಷೆ ಮಾಡ್ಸಿ, ಇನ್ಮೇಲೆ ಹೆಂಗೆ ಉಣ್ಬೇಕು, ಹೆಂಗೆ ನಡೀಬೇಕು ಅಂತ ಹೇಳಿ ಕಳಿಸ್ಲಿ. ಅಷ್ಟೇ."

ಕಟ್ಟೆ ಖಾಲಿಯಾಗುತ್ತದೆ. ಯಂತ್ರವನ್ನು ಚೀಲಕ್ಕೆ ಹಾಕಿಕೊಳ್ಳುತ್ತಾ ಅವರು ಹೇಳುತ್ತಾರೆ: "ಈ ವರ್ಷ ನಮ್ಮ ಗುಂಪಲ್ಲಿ ಯಾರ ತಿಥಿಗೂ ಹೋಗಿಲ್ಲ ನಾನು. ರವಣಪ್ಪಣ್ಣನ ಮೊಮ್ಮಗಳ ನಾಮಕರಣಕ್ಕೆ ಹೋಗಿದ್ದೆ. ನಾನು ಎರಡು ಒಬ್ಬಟ್ಟು ತಿಂದೆ, ಅವರಿಗೆ ಅರ್ಧವೇ ಹಾಕ್ಸಿದ್ದು."